ಕೊನೆಯ ಪುಟದ ಕೆಳಗಿನ ಹೆಸರು

ಪತ್ರಿಕೆಯೊಂದು ಮನೆಗೆ ಬಂದಾಗ ನೀವು ಮೊದಲು ಯಾವ ಪುಟ ತೆರೆಯುತ್ತೀರಿ? ಕೆಲವರು ಮರಣವಾರ್ತೆ ನೋಡುತ್ತಾರೆ. ಮಕ್ಕಳು ಚಿತ್ರ ಹುಡುಕುತ್ತಾರೆ. ಹಿರಿಯರು ಕನ್ನಡಕ ಏರಿಸಿಕೊಂಡು ಸಂಪಾದಕೀಯಕ್ಕೆ ಹೋಗುತ್ತಾರೆ. ಆದರೆ ಎಲ್ಲೋ ಒಂದು ಮೂಲೆಯಲ್ಲಿ, ಸಾಮಾನ್ಯವಾಗಿ ಕೊನೆಯ ಪುಟದ ತೀರಾ ಕೆಳಗೆ, ಮುದ್ರಕರು ಯಾರು, ಪ್ರಕಾಶಕರು ಯಾರು, ಎಲ್ಲಿ ಅಚ್ಚಾಯಿತು ಎಂದು ತಿಳಿಸುವ ಸಣ್ಣ ಅಕ್ಷರಗಳ ಸಾಲೊಂದಿರುತ್ತದೆ. ಅದನ್ನು ಓದುವವರು ಬಹಳ ವಿರಳ. ಆದರೆ ಸರಕಾರಕ್ಕೆ ಪತ್ರಿಕೆಯ ಮೇಲೆ ಕೋಪ ಬಂದ ದಿನ ಅಧಿಕಾರಿಗಳು ಮೊತ್ತಮೊದಲು ಓದುವುದು ಆ ಸಾಲನ್ನೇ.

ಅಂತಹ ಒಂದು ಸಾಲಿನಲ್ಲಿ ತನ್ನ ಹೆಸರಿದ್ದ ಕಾರಣಕ್ಕೆ ಸೆರೆಮನೆ ಸೇರಿದ ಒಬ್ಬ ಬಡ ಅಚ್ಚುಕೂಟದವನನ್ನು ಈ ವಾರ ನಿಮಗೆ ಪರಿಚಯಿಸಬೇಕೆಂದಿದ್ದೇನೆ. ಆತನ ಹೆಸರು ಜಾನ್ ಪೀಟರ್ ಜೆಂಗರ್. ಪತ್ರಿಕಾ ಸ್ವಾತಂತ್ರ್ಯದ ಇತಿಹಾಸವನ್ನು ಯಾರೇ ಹೇಳಲಿ, ಈ ಹೆಸರನ್ನು ಬಿಟ್ಟು ಹೇಳಲಾರರು. ಆತ ದೊಡ್ಡ ಲೇಖಕನೂ ಅಲ್ಲ, ಭಾಷಣಕಾರನೂ ಅಲ್ಲ. ಇಂಗ್ಲಿಷ್ ಆತನ ತಾಯಿನುಡಿಯೂ ಆಗಿರಲಿಲ್ಲ. ಸೀಸದ ಅಕ್ಷರಗಳನ್ನು ಒಂದೊಂದಾಗಿ ಜೋಡಿಸಿ, ಮಸಿ ಹಚ್ಚಿ, ಕಾಗದ ಒತ್ತಿ ಹೆಂಡತಿ ಮಕ್ಕಳನ್ನು ಸಾಕುತ್ತಿದ್ದ ಕೈಕೆಲಸದವನು.

ಜೆಂಗರ್ ಹುಟ್ಟಿದ್ದು 1697ರಲ್ಲಿ, ಜರ್ಮನಿಯ ಪಲಟಿನೇಟ್ ಪ್ರಾಂತದಲ್ಲಿ. ಫ್ರಾನ್ಸಿನ ಸೈನ್ಯಗಳು ಮತ್ತೆ ಮತ್ತೆ ತುಳಿದು ಹಾಳುಗೆಡವಿದ ನಾಡು ಅದು. 1709ರ ಭೀಕರ ಚಳಿಗಾಲ ಬೇರೆ ಬಂದು ದ್ರಾಕ್ಷಿಬಳ್ಳಿಗಳೆಲ್ಲ ಕರಟಿ ಹೋದವು. ಸಾವಿರಾರು ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಇಂಗ್ಲೆಂಡಿಗೆ ಹೊರಟವು. ಅವರಲ್ಲಿ ಕಥೋಲಿಕರೂ ಇದ್ದರು. ಮತ ಬದಲಾಯಿಸಲು ಒಪ್ಪದ ಕಥೋಲಿಕರನ್ನು ಇಂಗ್ಲೆಂಡ್ ಹಿಂದಕ್ಕೆ ಕಳುಹಿಸಿತೆಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಉಳಿದ ಪ್ರೊಟೆಸ್ಟೆಂಟರಲ್ಲಿ ಮೂರು ಸಾವಿರದ ಆಸುಪಾಸು ಜನರನ್ನು ಆನ್ ರಾಣಿಯ ಸರಕಾರ 1710ರಲ್ಲಿ ನ್ಯೂಯಾರ್ಕಿಗೆ ಹಡಗು ಹತ್ತಿಸಿತು. ಹಡಗಿನಲ್ಲಿ ಜ್ವರ ಹಬ್ಬಿ ನೂರಾರು ಮಂದಿ ಸತ್ತರು. ಸತ್ತವರಲ್ಲಿ ಪೀಟರನ ತಂದೆಯೂ ಒಬ್ಬ. ದಡ ಸೇರಿದಾಗ ತಾಯಿ ಜೊಹಾನಾ ಮೂರು ಮಕ್ಕಳ ವಿಧವೆ. ಹಿರಿಮಗ ಪೀಟರನಿಗೆ ಹದಿಮೂರು ವರ್ಷ.

ಹೀಗೆ ದಿಕ್ಕಿಲ್ಲದೆ ಬಂದ ಮಕ್ಕಳನ್ನು ನ್ಯೂಯಾರ್ಕಿನ ಗವರ್ನರ್ ಕಸುಬುದಾರರ ಬಳಿ ಕೆಲಸ ಕಲಿಯಲು ಒಪ್ಪಿಸುತ್ತಿದ್ದ. ಪೀಟರನ ಪಾಲಿಗೆ ಬಂದದ್ದು ವಿಲಿಯಂ ಬ್ರಾಡ್‌ಫೋರ್ಡನ ಅಚ್ಚುಕೂಟ. ಎಂಟು ವರ್ಷಗಳ ಒಪ್ಪಂದ. ಈ ಬ್ರಾಡ್‌ಫೋರ್ಡ್ ನ್ಯೂಯಾರ್ಕಿನ ಮೊದಲ ಮುದ್ರಕ. 1692ರಲ್ಲಿ ಫಿಲಡೆಲ್ಫಿಯಾದಲ್ಲಿ ಅಧಿಕಾರಿಗಳಿಗೆ ಹಿಡಿಸದ ಪುಸ್ತಿಕೆ ಅಚ್ಚು ಹಾಕಿದ್ದಕ್ಕೆ ತಾನೇ ಸೆರೆವಾಸ ಅನುಭವಿಸಿದವನು. ಆದರೆ ನ್ಯೂಯಾರ್ಕಿಗೆ ಬಂದು ಸರಕಾರಿ ಮುದ್ರಕನಾಗಿ ಸಂಬಳ ಪಡೆಯತೊಡಗಿದ ಮೇಲೆ ಆತನ ಅಚ್ಚುಮೊಳೆಗಳು ಬಹಳ ಸಾಧುವಾದವು. ನಾವು ಆತನನ್ನು ಹಳಿಯುವುದು ಸುಲಭ. ಮನೆ ಮಠ ಇರುವವನಿಗೆ ಒಮ್ಮೆ ಸೆರೆಮನೆ ಕಂಡ ಮೇಲೆ ಎರಡನೆಯ ಸಲ ಕಾಣುವ ಆಸೆ ಇರುವುದಿಲ್ಲ.

ಒಪ್ಪಂದ ಮುಗಿಸಿದ ಪೀಟರ್ ಕೆಲಕಾಲ ಮೇರಿಲ್ಯಾಂಡಿನಲ್ಲಿ ನೆಲೆಸಿದ. ಮದುವೆಯಾದ. ಹೆಂಡತಿ ಒಂದು ಗಂಡುಮಗುವನ್ನು ಬಿಟ್ಟು ಬೇಗನೆ ತೀರಿಹೋದಳು. ನ್ಯೂಯಾರ್ಕಿಗೆ ಮರಳಿ 1722ರಲ್ಲಿ ಆನಾ ಕ್ಯಾಥರೀನಾ ಎಂಬಾಕೆಯನ್ನು ಮದುವೆಯಾದ. ಈ ಹೆಸರನ್ನು ನೆನಪಿಟ್ಟುಕೊಳ್ಳಿ. 1726ರಲ್ಲಿ ಸ್ವಂತ ಅಚ್ಚುಯಂತ್ರ ಹಾಕಿದ. ಡಚ್ ಭಾಷೆಯ ಧಾರ್ಮಿಕ ಪುಸ್ತಿಕೆಗಳು, 1730ರಲ್ಲಿ ಡಚ್ ಭಾಷೆಯಲ್ಲೇ ಒಂದು ಅಂಕಗಣಿತದ ಪುಸ್ತಕ, ಹೀಗೆ ಚಿಲ್ಲರೆ ಕೆಲಸಗಳು. ಸರಕಾರದ ಕೆಲಸವೆಲ್ಲ ಹಳೆಯ ಯಜಮಾನನ ಬಳಿಯೇ ಉಳಿದಿತ್ತು. ನಗರದ ಒಂದೇ ಪತ್ರಿಕೆಯೂ ಬ್ರಾಡ್‌ಫೋರ್ಡನದೇ. ಅದರಲ್ಲಿ ಗವರ್ನರನ ಬಗ್ಗೆ ಹೊಗಳಿಕೆಯಲ್ಲದೆ ಬೇರೇನೂ ಬರುತ್ತಿರಲಿಲ್ಲ.

ಆ ಕಾಲದ ನ್ಯೂಯಾರ್ಕ್ ಎಂದರೆ ಈಗಿನ ಗಗನಚುಂಬಿ ಕಟ್ಟಡಗಳ ಮಹಾನಗರವನ್ನು ಕಣ್ಣಮುಂದೆ ತಂದುಕೊಳ್ಳಬೇಡಿ. ಹತ್ತು ಸಾವಿರದ ಆಸುಪಾಸು ಜನರಿದ್ದ, ಇಂಗ್ಲೆಂಡಿನ ಅರಸನ ಅಧೀನದಲ್ಲಿದ್ದ ರೇವುಪಟ್ಟಣ ಅದು. ಯಾರ ಮನೆಯಲ್ಲಿ ಏನು ನಡೆಯಿತೆಂದು ಸಂಜೆಯೊಳಗೆ ಎಲ್ಲರಿಗೂ ತಿಳಿಯುತ್ತಿತ್ತು. ಈ ಊರಿಗೆ 1732ರ ಆಗಸ್ಟ್ ತಿಂಗಳಲ್ಲಿ ವಿಲಿಯಂ ಕಾಸ್ಬಿ ಎಂಬ ಹೊಸ ಗವರ್ನರ್ ಬಂದಿಳಿದ. ಹಿಂದೆ ಮಿನೋರ್ಕಾ ದ್ವೀಪದ ಗವರ್ನರನಾಗಿದ್ದಾಗ ವ್ಯಾಪಾರಿಯೊಬ್ಬನ ಸರಕನ್ನು ಅನ್ಯಾಯವಾಗಿ ಜಪ್ತಿ ಮಾಡಿ, ಕೊನೆಗೆ ಪರಿಹಾರ ತೆರಬೇಕಾಗಿ ಬಂದಿದ್ದವನು. ಇಲ್ಲಿ ಬಂದವನೇ ಮೊದಲು ಹಿಡಿದದ್ದು ಸಂಬಳದ ಜಗಳ. ತಾನು ಬರುವವರೆಗೆ ಆಡಳಿತ ನೋಡಿಕೊಂಡಿದ್ದ ರಿಪ್ ವಾನ್ ಡ್ಯಾಮ್ ಎಂಬ ಹಿರಿಯ ಡಚ್ ವ್ಯಾಪಾರಿ ಪಡೆದ ಸಂಬಳದಲ್ಲಿ ಅರ್ಧ ತನಗೆ ಬರಬೇಕೆಂದು ಹಟ ಹಿಡಿದ. ಊರಿನ ಹನ್ನೆರಡು ಜನರ ಜ್ಯೂರಿ ತನ್ನ ಪರ ತೀರ್ಪು ಕೊಡುವುದಿಲ್ಲವೆಂದು ಗೊತ್ತಿದ್ದರಿಂದ, ಜ್ಯೂರಿಯಿಲ್ಲದೆ ವಿಚಾರಣೆ ನಡೆಸಲು ನ್ಯಾಯಾಧೀಶರಿಗೆ ಹೇಳಿದ. ಅದು ಕಾನೂನಲ್ಲ ಎಂದು ಮುಖ್ಯ ನ್ಯಾಯಾಧೀಶ ಲೂಯಿಸ್ ಮಾರಿಸ್ ಅಭಿಪ್ರಾಯ ಬರೆದರು. 1733ರಲ್ಲಿ ಕಾಸ್ಬಿ ಅವರನ್ನು ಹುದ್ದೆಯಿಂದ ಕಿತ್ತುಹಾಕಿ ಜೇಮ್ಸ್ ಡಿಲಾನ್ಸಿ ಎಂಬ ತರುಣನನ್ನು ಆ ಪೀಠದಲ್ಲಿ ಕೂರಿಸಿದ. ಮಾರಿಸರ ಅಭಿಪ್ರಾಯವನ್ನು ಪುಸ್ತಿಕೆಯಾಗಿ ಅಚ್ಚು ಹಾಕಲು ಬ್ರಾಡ್‌ಫೋರ್ಡ್ ಸಿದ್ಧನಿರಲಿಲ್ಲ. ಅದನ್ನು ಅಚ್ಚು ಹಾಕಿದವನು ಜೆಂಗರ್.

ಅದೇ ವರ್ಷದ ಅಕ್ಟೋಬರಿನಲ್ಲಿ ಒಂದು ಚುನಾವಣೆ ನಡೆಯಿತು. ವೆಸ್ಟ್‌ಚೆಸ್ಟರ್ ಪ್ರದೇಶದಿಂದ ಮಾರಿಸ್ ಸ್ಪರ್ಧಿಸಿದ್ದರು. ಕ್ವೇಕರ್ ಪಂಗಡದವರು ಅವರ ಬೆಂಬಲಿಗರು. ಈ ಕ್ವೇಕರರು ಆಣೆ ಇಡುವುದು ದೇವರ ಆಜ್ಞೆಗೆ ವಿರುದ್ಧವೆಂದು ನಂಬಿದವರು, ಆಣೆಯ ಬದಲು ದೃಢವಚನ ಕೊಡುವುದು ಅವರ ಪದ್ಧತಿ. ಗವರ್ನರನ ಕಡೆಯ ಷೆರೀಫ್ ಆಣೆಯೇ ಬೇಕೆಂದು ಪಟ್ಟು ಹಿಡಿದು ಮೂವತ್ತೆಂಟು ಕ್ವೇಕರರ ಮತವನ್ನು ತಳ್ಳಿಹಾಕಿದ. ಮನಸ್ಸಾಕ್ಷಿಯನ್ನೇ ಬೇಲಿಯಾಗಿ ಕಟ್ಟಿ ಮನುಷ್ಯನನ್ನು ಹೊರಗಿಡುವ ಈ ಉಪಾಯ ಹೊಸದಲ್ಲ, ಹಳೆಯದೂ ಆಗಿಲ್ಲ. ಆದರೂ ಮಾರಿಸರೇ ಗೆದ್ದರು. ಬ್ರಾಡ್‌ಫೋರ್ಡನ ಪತ್ರಿಕೆ ಈ ಅನ್ಯಾಯವನ್ನು ಊರಿಗೆ ತಿಳಿಸುವ ಪತ್ರಿಕೆಯಾಗಿರಲಿಲ್ಲ. ತಿಳಿಸಲೆಂದೇ 1733ರ ನವೆಂಬರ್ 5ರಂದು ಹೊಸ ವಾರಪತ್ರಿಕೆಯೊಂದು ಹೊರಬಂತು. ಅದೇ ನ್ಯೂಯಾರ್ಕ್ ವೀಕ್ಲಿ ಜರ್ನಲ್.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಪತ್ರಿಕೆಯ ಬರಹಗಾರರು ಜೆಂಗರ್ ಅಲ್ಲ. ಜೇಮ್ಸ್ ಅಲೆಗ್ಸಾಂಡರ್ ಎಂಬ ಹೆಸರಾಂತ ವಕೀಲರೇ ಅದರ ನಿಜವಾದ ಸಂಪಾದಕರು. ವಿಲಿಯಂ ಸ್ಮಿತ್ ಎಂಬ ಇನ್ನೊಬ್ಬ ವಕೀಲರೂ ಮಾರಿಸರೂ ಜೊತೆಗಿದ್ದರು. ಎಲ್ಲರೂ ಸ್ಥಿತಿವಂತರು. ಲೇಖನಗಳಲ್ಲಿ ಅವರ ಹೆಸರಿರಲಿಲ್ಲ, ಕಲ್ಪಿತ ನಾಮಗಳಿದ್ದವು. ಗವರ್ನರನ ಆಪ್ತನೊಬ್ಬನನ್ನು ಕಳೆದುಹೋದ ನಾಯಿಯೆಂದು ವರ್ಣಿಸುವ ಕುಚೋದ್ಯದ ಜಾಹೀರಾತುಗಳೂ ಇರುತ್ತಿದ್ದವು. ಜೊತೆಗೆ ಜನರ ಆಸ್ತಿಪಾಸ್ತಿಗೆ ಭದ್ರತೆಯಿಲ್ಲ, ನ್ಯಾಯಾಧೀಶರನ್ನು ಮನಬಂದಂತೆ ಬದಲಾಯಿಸಲಾಗುತ್ತಿದೆ, ಜ್ಯೂರಿಯ ಹಕ್ಕನ್ನು ಕಸಿಯಲಾಗುತ್ತಿದೆ ಎಂಬ ಗಂಭೀರ ಆಪಾದನೆಗಳೂ ಇದ್ದವು. ಊರಿನವರು ಬಾಯಿಂದ ಬಾಯಿಗೆ ಹೇಳುತ್ತಿದ್ದುದೇ ಈಗ ಅಚ್ಚಾಗಿ ಬರುತ್ತಿತ್ತು. ಆದರೆ ಇಡೀ ಪತ್ರಿಕೆಯಲ್ಲಿ ನಿಜವಾದ ಮನುಷ್ಯನ ಹೆಸರಾಗಿ ಕಾನೂನಿನ ಕೈಗೆ ಸಿಗುತ್ತಿದ್ದುದು ಒಂದೇ. ಕೆಳಗಿನ ಸಾಲಿನಲ್ಲಿದ್ದ ಮುದ್ರಕನ ಹೆಸರು.

ಕಾಸ್ಬಿ ಸುಮ್ಮನಿರಲಿಲ್ಲ. 1734ರಲ್ಲಿ ಎರಡು ಬಾರಿ, ಜನವರಿಯಲ್ಲೊಮ್ಮೆ ಅಕ್ಟೋಬರಿನಲ್ಲೊಮ್ಮೆ, ಡಿಲಾನ್ಸಿ ಮಹಾಜ್ಯೂರಿಯ ಮುಂದೆ ವಿಷಯವಿಟ್ಟ. ಮೊಕದ್ದಮೆ ಹೂಡಬೇಕೋ ಬೇಡವೋ ಎಂದು ಮೊದಲು ಪರಿಶೀಲಿಸುವ ನಾಗರಿಕರ ಮಂಡಳಿಯೇ ಮಹಾಜ್ಯೂರಿ. ಎರಡು ಸಲವೂ ಅವರು ಆರೋಪ ಹೊರಿಸಲು ಒಪ್ಪಲಿಲ್ಲ. ಆಗ ಗವರ್ನರನ ಮಂತ್ರಾಲೋಚನಾ ಸಭೆ ಪತ್ರಿಕೆಯ ನಾಲ್ಕು ಸಂಚಿಕೆಗಳನ್ನು ಬಹಿರಂಗವಾಗಿ ಸುಡಬೇಕೆಂದು ಆಜ್ಞೆ ಮಾಡಿತು. ಗಲ್ಲಿಗೇರಿಸುವವನ ಕೈಯಿಂದ ಅವನ್ನು ಸುಡಿಸಬೇಕು, ನಗರದ ಪ್ರಮುಖರು ನಿಂತು ನೋಡಬೇಕು. ನಗರಸಭೆಯವರು ಇದು ಕಾನೂನುಬದ್ಧ ಆಜ್ಞೆಯಲ್ಲವೆಂದು ಪಾಲ್ಗೊಳ್ಳಲು ನಿರಾಕರಿಸಿದರು. ನವೆಂಬರ್ 6ರಂದು ಷೆರೀಫ್ ತನ್ನ ಸ್ವಂತ ಗುಲಾಮನೊಬ್ಬನಿಂದ ಆ ಹಾಳೆಗಳನ್ನು ಸುಡಿಸಿದ. ಆ ಕರಿಯ ಗುಲಾಮನ ಹೆಸರನ್ನು ಈ ಮೊಕದ್ದಮೆಯ ವೃತ್ತಾಂತ ಬರೆದಿಡಲಿಲ್ಲ. ಸ್ವಾತಂತ್ರ್ಯದ ಕಥೆಯ ನಡುವೆ ಬೆಂಕಿ ಹಿಡಿದು ನಿಂತ ಆ ಅನಾಮಧೇಯನ ಬಳಿಗೆ ನಾವು ಮತ್ತೆ ಬರಬೇಕಾಗಿದೆ.

ನವೆಂಬರ್ 17, ಭಾನುವಾರ. ಅಂದು ಜೆಂಗರನನ್ನು ಬಂಧಿಸಿದರು. ಕಾಗದ, ಲೇಖನಿ, ಮಸಿ ಯಾವುದೂ ಕೊಡಲಿಲ್ಲ. ಯಾರನ್ನೂ ನೋಡಲು ಬಿಡಲಿಲ್ಲ. ಮರುದಿನದ ಸಂಚಿಕೆ ಹೊರಬರಲಿಲ್ಲ. ಜಾಮೀನಿನ ಮೊತ್ತವನ್ನು ಕೇಳಿ: ಆತನಿಂದ ನಾನೂರು ಪೌಂಡ್, ಜೊತೆಗೆ ಇಬ್ಬರು ಜಾಮೀನುದಾರರಿಂದ ತಲಾ ಇನ್ನೂರು. ಕಸುಬಿನ ಉಪಕರಣಗಳನ್ನೂ ಉಟ್ಟ ಬಟ್ಟೆಯನ್ನೂ ಬಿಟ್ಟರೆ ತನ್ನ ಆಸ್ತಿ ನಲವತ್ತು ಪೌಂಡೂ ಆಗಲಾರದೆಂದು ಜೆಂಗರ್ ಪ್ರಮಾಣ ಮಾಡಿ ಹೇಳಿದ. ಪ್ರಯೋಜನವಾಗಲಿಲ್ಲ. ಮುಖ್ಯ ನ್ಯಾಯಾಧೀಶನಿಗೆ ದೂರಿಕೊಂಡ ಮೇಲೆ ಒಂದೇ ಒಂದು ಅನುಕೂಲ ದೊರೆಯಿತು. ಸೆರೆಕೋಣೆಯ ಬಾಗಿಲಿನ ಕಿಂಡಿಯ ಮೂಲಕ ಹೆಂಡತಿಯೊಡನೆಯೂ ಕೆಲಸದವರೊಡನೆಯೂ ಮಾತಾಡಬಹುದು.

ಆ ಕಿಂಡಿಯೇ ಸಾಕಾಯಿತು. ನವೆಂಬರ್ 25ರ ಸೋಮವಾರ ಪತ್ರಿಕೆ ಮತ್ತೆ ಹೊರಬಂತು. ಕಳೆದ ವಾರ ಪತ್ರಿಕೆ ತಪ್ಪಿದ್ದಕ್ಕೆ ಓದುಗರ ಕ್ಷಮೆ ಕೇಳಿ, ಬಾಗಿಲಿನ ಕಿಂಡಿಯಿಂದಲೇ ಇನ್ನು ಮುಂದೆ ನಿಮ್ಮನ್ನು ಸತ್ಕರಿಸುವೆನೆಂದು ಮುದ್ರಕ ತಿಳಿಸಿದ್ದ. ಅಂದಿನಿಂದ ಒಂಬತ್ತು ತಿಂಗಳ ಹತ್ತಿರ ಆತ ಒಳಗಿದ್ದಷ್ಟು ಕಾಲವೂ ಪತ್ರಿಕೆ ಮತ್ತೆ ತಪ್ಪಲಿಲ್ಲ. ನಡೆಸಿದವಳು ಆನಾ. ಮನೆಯಲ್ಲಿ ಮಕ್ಕಳು, ಅಚ್ಚುಕೂಟದಲ್ಲಿ ಒದ್ದೆ ಕಾಗದ, ಚಳಿಗಾಲ. ಗಂಡನ ಬಾಯಿಂದ ಕಿಂಡಿಯಲ್ಲಿ ಕೇಳಿಸಿಕೊಂಡದ್ದನ್ನು ತಲೆಯಲ್ಲಿಟ್ಟುಕೊಂಡು ಬಂದು ಮೊಳೆ ಜೋಡಿಸಬೇಕು. ಸೆರೆಮನೆಗಳಿಗೆ ಭೇಟಿ ಕೊಡುವ ಗುರುಗಳೆಲ್ಲ ಒಂದು ದೃಶ್ಯವನ್ನು ಬಲ್ಲರು. ಸರಳುಗಳ ಒಳಗಿರುವವನ ಮುಖಕ್ಕಿಂತ ಹೊರಗೆ ನಿಂತಿರುವ ಹೆಂಡತಿಯ ಮುಖ ಹೆಚ್ಚು ದಣಿದಿರುತ್ತದೆ. ಆನಾಳ ಮುಖವನ್ನು ಯಾರೂ ಚಿತ್ರ ಬರೆದಿಡಲಿಲ್ಲ.

ಈಗ ನಿಮಗೊಂದು ಪ್ರಶ್ನೆ ಬರಬೇಕು. ಅಲೆಗ್ಸಾಂಡರ್, ಮಾರಿಸ್ ಮೊದಲಾದ ಶ್ರೀಮಂತರು ಆ ಜಾಮೀನನ್ನು ಯಾಕೆ ಕಟ್ಟಲಿಲ್ಲ? ಅವರಿಗೆ ಅದು ಅಸಾಧ್ಯವಾದ ಮೊತ್ತವಾಗಿರಲಿಲ್ಲ. ಬಡ ಮುದ್ರಕ ಸೆರೆಯಲ್ಲಿದ್ದಷ್ಟೂ ಊರಿನ ಕೋಪ ಗವರ್ನರನ ಮೇಲೆ ಏರುತ್ತದೆಂಬ ಲೆಕ್ಕಾಚಾರ ಅವರಿಗಿತ್ತೆಂದು ಇತಿಹಾಸ ಬಲ್ಲವರು ಶಂಕಿಸುತ್ತಾರೆ. ನನಗೂ ಆ ಶಂಕೆ ತಪ್ಪೆನಿಸುವುದಿಲ್ಲ. ಒಳ್ಳೆಯ ಧ್ಯೇಯಕ್ಕಾಗಿ ಹೋರಾಡುವವರೂ ಬಡವನ ಬೆನ್ನನ್ನು ಮೆಟ್ಟಿಲು ಮಾಡಿಕೊಳ್ಳುತ್ತಾರೆ. ಇಷ್ಟಾದರೂ ಜೆಂಗರ್ ಲೇಖಕರ ಹೆಸರನ್ನು ಬಾಯಿ ಬಿಡಲಿಲ್ಲ. ಊರಿಗೆಲ್ಲ ಗೊತ್ತಿದ್ದ ಗುಟ್ಟು ಅದು. ಆದರೆ ಸಾಕ್ಷಿ ಬೇಕಾಗಿತ್ತು, ಸಾಕ್ಷಿ ಹೇಳಬಲ್ಲವನು ಮುದ್ರಕ. ಬೇರೆಯವರ ಮಾತನ್ನು ಅಚ್ಚು ಹಾಕಿದವನು ಅವರ ಪರವಾಗಿ ಮೌನವನ್ನು ಕಾಯ್ದುಕೊಂಡ.

1735ರ ಜನವರಿಯಲ್ಲೂ ಮಹಾಜ್ಯೂರಿ ಆರೋಪ ಹೊರಿಸಲಿಲ್ಲ. ಆಗ ಸರಕಾರಿ ವಕೀಲ ರಿಚರ್ಡ್ ಬ್ರಾಡ್ಲಿ ಮಹಾಜ್ಯೂರಿಯನ್ನು ಬದಿಗಿಟ್ಟು ನೇರವಾಗಿ ತಾನೇ ಆರೋಪಪತ್ರ ಸಲ್ಲಿಸಿದ. ಏಪ್ರಿಲ್‌ನಲ್ಲಿ ಅಲೆಗ್ಸಾಂಡರ್ ಮತ್ತು ಸ್ಮಿತ್ ಜೆಂಗರನ ಪರ ನಿಂತು, ಗವರ್ನರ್ ನ್ಯಾಯಾಧೀಶರನ್ನು ನೇಮಿಸಿದ ಕ್ರಮವೇ ಸರಿಯಲ್ಲವೆಂದು ವಾದಿಸಿದರು. ಡಿಲಾನ್ಸಿ ಉತ್ತರವಾಗಿ ಅವರಿಬ್ಬರ ಹೆಸರನ್ನೂ ವಕೀಲರ ಪಟ್ಟಿಯಿಂದ ಹೊಡೆದುಹಾಕಿದ. ಕೈದಿಗೆ ವಕೀಲರೇ ಇಲ್ಲವಾಯಿತು. ನ್ಯಾಯಾಲಯ ಜಾನ್ ಚೇಂಬರ್ಸ್ ಎಂಬ ಕಿರಿಯ ವಕೀಲನನ್ನು ನೇಮಿಸಿತು. ಆತ ಗವರ್ನರನ ಪಕ್ಷದವನೇ. ಆದರೂ ತನ್ನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿದ ಎನ್ನಬೇಕು. ಜ್ಯೂರಿಗೆಂದು ತಂದ ಪಟ್ಟಿಯಲ್ಲಿ ಗವರ್ನರನ ರೊಟ್ಟಿ ಸುಡುವವನು, ದರ್ಜಿ, ಚಪ್ಪಲಿ ಹೊಲಿಯುವವನು, ಮೇಣದಬತ್ತಿ ಮಾಡುವವನು, ಬಡಗಿ ಎಲ್ಲ ಸೇರಿದ್ದರು! ಚೇಂಬರ್ಸ್ ಆಕ್ಷೇಪಿಸಿ ಸರಿಯಾದ ಪಟ್ಟಿಯಿಂದಲೇ ಆರಿಸುವಂತೆ ಮಾಡಿದ. ಹೀಗೆ ಆಯ್ಕೆಯಾದ ಹನ್ನೆರಡು ಮಂದಿಯಲ್ಲಿ ಹಲವರು ಡಚ್ ಮೂಲದವರು, ಗವರ್ನರನ ಹಂಗಿಲ್ಲದವರು.

ಆ ಕಾಲದ ಕಾನೂನನ್ನು ನೀವು ತಿಳಿಯದೆ ಮುಂದಿನದು ಅರ್ಥವಾಗದು. ಪ್ರಭುತ್ವವನ್ನು ನಿಂದಿಸುವ ಬರಹ ಅಪರಾಧ. ಬರೆದದ್ದು ನಿಜವೋ ಸುಳ್ಳೋ ಎಂಬ ಪ್ರಶ್ನೆಯೇ ಇಲ್ಲ. ಅಷ್ಟೇ ಅಲ್ಲ, ನಿಜವಾಗಿದ್ದರೆ ಜನ ಹೆಚ್ಚು ಕೆರಳುತ್ತಾರಾದ್ದರಿಂದ ಅಪರಾಧ ಇನ್ನೂ ದೊಡ್ಡದು! ಜ್ಯೂರಿಯ ಕೆಲಸ ಒಂದೇ, ಈತ ಅಚ್ಚು ಹಾಕಿದ್ದಾನೋ ಇಲ್ಲವೋ ಎಂದು ಹೇಳುವುದು. ಅದು ನಿಂದನೆಯೇ ಎಂದು ನಿರ್ಧರಿಸುವವನು ನ್ಯಾಯಾಧೀಶ. ನ್ಯಾಯಾಧೀಶನನ್ನು ನೇಮಿಸಿದವನು ಗವರ್ನರ್. ನಿಂದನೆಗೊಳಗಾದವನೂ ಗವರ್ನರ್.

ಗುರುಮಠದಲ್ಲಿ ಸಂತ ಥಾಮಸ್ ಅಕ್ವಿನಾಸರನ್ನು ಓದಿದ ನನ್ನಂಥವನಿಗೆ ಸತ್ಯವೇ ಅಪರಾಧವನ್ನು ಹೆಚ್ಚಿಸುತ್ತದೆಂಬ ಮಾತು ಮೊದಲ ಓದಿಗೆ ಹುಚ್ಚುತನವೆನಿಸಿತು. ಆಮೇಲೆ ಯೋಚಿಸಿದೆ. ಎಂಟನೆಯ ಆಜ್ಞೆಯ ಬಗ್ಗೆ ಧರ್ಮೋಪದೇಶದಲ್ಲಿ ನಾವು ಕಲಿಸುವುದೇನು? ಸುಳ್ಳು ಹೇಳಿ ಇನ್ನೊಬ್ಬರ ಮಾನ ಕಳೆಯುವುದು ಪಾಪ. ಅಗತ್ಯವಿಲ್ಲದೆ ಇನ್ನೊಬ್ಬರ ಗುಟ್ಟಾದ ದೋಷವನ್ನು, ಅದು ನಿಜವೇ ಆಗಿದ್ದರೂ, ಬಯಲಿಗೆಳೆಯುವುದೂ ಪಾಪ. ಹಾಗಾದರೆ ಆ ಹಳೆಯ ಕಾನೂನು ಪೂರ್ತಿ ಅರ್ಥಹೀನವಲ್ಲ. ನೆರೆಮನೆಯವನ ವಿಷಯದಲ್ಲಿ ಸಲ್ಲುವ ಸಂಯಮವನ್ನು ಆಳುವವನ ಬಹಿರಂಗ ಕೃತ್ಯಕ್ಕೆ ಕಂಬಳಿಯಾಗಿ ಹೊದಿಸಿದ್ದೇ ಅದರ ತಪ್ಪು. ನ್ಯಾಯಾಧೀಶನನ್ನು ಕಿತ್ತುಹಾಕಿದ್ದು ಗುಟ್ಟಾದ ದೋಷವಲ್ಲ, ಊರಿನೆದುರು ನಡೆದ ಕೆಲಸ. ಅದನ್ನು ಹೇಳುವ ಅಗತ್ಯವಿದ್ದದ್ದು ಊರಿಗೇ.

1735ರ ಆಗಸ್ಟ್ 4. ವಾಲ್ ಸ್ಟ್ರೀಟಿನ ನಗರ ಸಭಾಭವನದಲ್ಲಿ ವಿಚಾರಣೆ. ಡಿಲಾನ್ಸಿಯ ಪಕ್ಕದಲ್ಲಿ ಎರಡನೆಯ ನ್ಯಾಯಾಧೀಶ ಫ್ರೆಡರಿಕ್ ಫಿಲಿಪ್ಸ್. ಚೇಂಬರ್ಸ್ ತನ್ನ ವಾದ ಮುಗಿಸಿದ ಮೇಲೆ, ಸರಕಾರದವರು ಯಾರೂ ನಿರೀಕ್ಷಿಸದ ಒಬ್ಬರು ಎದ್ದು ನಿಂತರು. ಅರವತ್ತರ ಹತ್ತಿರದ ವಯಸ್ಸು. ಫಿಲಡೆಲ್ಫಿಯಾದ ಆಂಡ್ರೂ ಹ್ಯಾಮಿಲ್ಟನ್, ಅಮೆರಿಕದ ವಸಾಹತುಗಳಲ್ಲೇ ಅತ್ಯಂತ ಹೆಸರಾದ ವಕೀಲರು. ಅಲೆಗ್ಸಾಂಡರ್ ಗುಟ್ಟಾಗಿ ಅವರನ್ನು ಕರೆಸಿದ್ದರು. ಈ ವಾದಕ್ಕೆ ಹ್ಯಾಮಿಲ್ಟನ್ ಸಂಭಾವನೆ ತೆಗೆದುಕೊಳ್ಳಲಿಲ್ಲ.

ಎದ್ದವರೇ ಮೊದಲು ಮಾಡಿದ ಕೆಲಸ ಎಲ್ಲರನ್ನೂ ಬೆಚ್ಚಿಬೀಳಿಸಿತು. ಹೌದು, ಈ ಪತ್ರಿಕೆಗಳನ್ನು ನನ್ನ ಕಕ್ಷಿದಾರ ಅಚ್ಚು ಹಾಕಿದ್ದಾನೆ ಎಂದು ಒಪ್ಪಿಕೊಂಡುಬಿಟ್ಟರು. ಬ್ರಾಡ್ಲಿಗೆ ಸಂತೋಷವೋ ಸಂತೋಷ. ಸಾಕ್ಷಿಗಳನ್ನು ಮನೆಗೆ ಕಳುಹಿಸಬಹುದು, ಇನ್ನು ತಪ್ಪಿತಸ್ಥನೆಂದು ಹೇಳುವುದೊಂದೇ ಬಾಕಿ ಎಂದ. ಹ್ಯಾಮಿಲ್ಟನ್ ತಡೆದರು. ಆರೋಪಪತ್ರದಲ್ಲಿ ಈ ಬರಹಗಳು ಸುಳ್ಳು ಎಂದು ನೀವೇ ಬರೆದಿದ್ದೀರಿ, ಹಾಗಾದರೆ ಸುಳ್ಳೆಂದು ತೋರಿಸಿ ಎಂದರು. ಅಷ್ಟೇಕೆ, ನಿಜವೆಂದು ತೋರಿಸುವ ಹೊರೆಯನ್ನು ನಾನೇ ಹೊರುತ್ತೇನೆ ಎಂದೂ ಮುಂದೆ ಬಂದರು. ಡಿಲಾನ್ಸಿ ಬಿಡಲಿಲ್ಲ. ನಿಂದನೆಯನ್ನು ಸತ್ಯದಿಂದ ಸಮರ್ಥಿಸುವಂತಿಲ್ಲ, ಅಂತಹ ಸಾಕ್ಷ್ಯಕ್ಕೆ ಇಲ್ಲಿ ಅವಕಾಶವಿಲ್ಲ ಎಂದು ತೀರ್ಮಾನಿಸಿದ.

ಬಾಗಿಲು ಮುಚ್ಚಿತು. ಆಗ ಹ್ಯಾಮಿಲ್ಟನ್ ನ್ಯಾಯಪೀಠದ ಕಡೆಗೆ ಬೆನ್ನು ತಿರುಗಿಸಲಿಲ್ಲವಾದರೂ ಮಾತನ್ನು ತಿರುಗಿಸಿದರು. ಜ್ಯೂರಿಯ ಹನ್ನೆರಡು ಮಂದಿಯನ್ನು ಉದ್ದೇಶಿಸಿ, ಸಾಕ್ಷಿ ತರಲು ನಮಗೆ ಬಿಡುತ್ತಿಲ್ಲ, ಆದ್ದರಿಂದ ನೀವೇ ನಮ್ಮ ಸಾಕ್ಷಿಗಳು ಎಂದರು. ನೀವು ಈ ಊರಿನವರು. ಬರೆದಿರುವ ಸಂಗತಿಗಳು ಯಾವುದೋ ಮೂಲೆಯಲ್ಲಿ ನಡೆದವಲ್ಲ, ನಿಮಗೆಲ್ಲ ಗೊತ್ತಿರುವವು. ಅವು ನಿಜವೋ ಅಲ್ಲವೋ ನಿಮ್ಮ ಮನಸ್ಸಾಕ್ಷಿಯನ್ನು ಕೇಳಿಕೊಳ್ಳಿ ಎಂಬುದು ಅವರ ವಾದದ ತಿರುಳು. ಅಚ್ಚಾದ ಪದಗಳ ನಡುವೆ ಗವರ್ನರನ ಹೆಸರನ್ನು ತುರುಕಿ ಅರ್ಥ ಕಟ್ಟುವ ಸರಕಾರಿ ವಕೀಲನ ವಿಧಾನವನ್ನೂ ಗೇಲಿ ಮಾಡಿದರು. ಅದಕ್ಕೆ ಬಳಸಿದ್ದು ಪವಿತ್ರ ಗ್ರಂಥವನ್ನು! ಜನನಾಯಕರೇ ಜನರನ್ನು ದಾರಿತಪ್ಪಿಸುತ್ತಾರೆ, ಕಾವಲುಗಾರರು ಕುರುಡರು, ತೃಪ್ತಿಯೇ ಇಲ್ಲದ ನಾಯಿಗಳು ಎಂಬರ್ಥದ ಪ್ರವಾದಿ ಯೆಶಾಯನ ಮಾತುಗಳನ್ನು ತೆಗೆದುಕೊಂಡು, ಅವುಗಳ ನಡುವೆ ನ್ಯೂಯಾರ್ಕಿನ ದೊಡ್ಡವರನ್ನು ಸೇರಿಸಿ ಓದಿದರೆ ಬೈಬಲನ್ನು ಗಟ್ಟಿಯಾಗಿ ಓದುವವರನ್ನೂ ಇದೇ ಆರೋಪದ ಮೇಲೆ ಹಿಡಿಯಬಹುದಲ್ಲ ಎಂದರು. ಕೊನೆಗೆ, ಇದು ಒಬ್ಬ ಬಡ ಮುದ್ರಕನ ಮೊಕದ್ದಮೆಯಲ್ಲ, ದಬ್ಬಾಳಿಕೆಯನ್ನು ಸತ್ಯ ನುಡಿದು, ಸತ್ಯ ಬರೆದು ಎದುರಿಸುವ ಸ್ವಾತಂತ್ರ್ಯದ ಪ್ರಶ್ನೆ ಎಂದು ಹೇಳಿ ಕುಳಿತರು.

ಅಚ್ಚು ಹಾಕಿದ್ದನ್ನು ಒಪ್ಪಿಕೊಂಡಾಗಿದೆ, ಇನ್ನುಳಿದ ಕಾನೂನಿನ ವಿಷಯವನ್ನು ನ್ಯಾಯಾಲಯಕ್ಕೆ ಬಿಡಿ ಎಂದು ಡಿಲಾನ್ಸಿ ಜ್ಯೂರಿಗೆ ಸೂಚಿಸಿದ. ಹನ್ನೆರಡು ಮಂದಿ ಒಳಗೆ ಹೋದರು. ಹೆಚ್ಚು ಹೊತ್ತು ಹಿಡಿಯಲಿಲ್ಲ. ಹೊರಬಂದು ಅವರ ಮುಖಂಡ ಥಾಮಸ್ ಹಂಟ್ ನಿರಪರಾಧಿ ಎಂದು ಹೇಳಿದ. ಕಿಕ್ಕಿರಿದ ಸಭಾಂಗಣ ಮೂರು ಬಾರಿ ಜಯಕಾರ ಹಾಕಿತು. ಮಾರನೆಯ ದಿನ ಜೆಂಗರ್ ಮನೆಗೆ ಬಂದ. ನಗರಸಭೆ ಹ್ಯಾಮಿಲ್ಟನರಿಗೆ ನಗರದ ಗೌರವ ಪೌರತ್ವವನ್ನು ಐದೂವರೆ ಔನ್ಸಿನ ಚಿನ್ನದ ಕರಡಿಗೆಯಲ್ಲಿಟ್ಟು ಕಳುಹಿಸಿತು. ಸೆರೆಯಲ್ಲಿ ಕುಳಿತವನಿಗೂ ಕಿಂಡಿಯ ಬಳಿ ನಿಂತವಳಿಗೂ ಕರಡಿಗೆ ಬರಲಿಲ್ಲ.

ಈ ಗೆಲುವಿನಿಂದ ಕಾನೂನು ಆ ದಿನವೇ ಬದಲಾಯಿತೆಂದು ತಿಳಿಯಬೇಡಿ. ಜ್ಯೂರಿಯ ತೀರ್ಪು ಮುಂದಿನ ನ್ಯಾಯಾಧೀಶರನ್ನು ಕಟ್ಟಿಹಾಕುವುದಿಲ್ಲ. ನಿಂದನೆಯೇ ಅಲ್ಲವೇ ಎಂದು ನಿರ್ಧರಿಸುವ ಅಧಿಕಾರ ಇಂಗ್ಲೆಂಡಿನಲ್ಲಿ ಜ್ಯೂರಿಗೆ ಸಿಕ್ಕಿದ್ದು 1792ರಲ್ಲಿ. ಒಳ್ಳೆಯ ಉದ್ದೇಶದಿಂದ ಪ್ರಕಟಿಸಿದ ಸತ್ಯ ಅಪರಾಧವಲ್ಲವೆಂದು ನ್ಯೂಯಾರ್ಕ್ ರಾಜ್ಯ ಶಾಸನ ಮಾಡಿದ್ದು 1805ರಲ್ಲಿ. ನಮ್ಮ ದೇಶದ 1860ರ ದಂಡ ಸಂಹಿತೆಯಲ್ಲೂ, ಅದರ ಜಾಗಕ್ಕೆ 2024ರಲ್ಲಿ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲೂ, ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯ ಮಾನನಷ್ಟವಲ್ಲ ಎಂಬ ವಿನಾಯಿತಿ ಇದೆ. ಆದರೆ 1735ರ ನಂತರ ಒಂದು ಬದಲಾವಣೆ ತಕ್ಷಣ ಆಯಿತು. ಮೊಕದ್ದಮೆಯ ವೃತ್ತಾಂತವನ್ನು ಅಲೆಗ್ಸಾಂಡರ್ ಸಿದ್ಧಪಡಿಸಿದರು, 1736ರಲ್ಲಿ ಜೆಂಗರನೇ ಅಚ್ಚು ಹಾಕಿದ. ಅದು ಅಮೆರಿಕದಲ್ಲೂ ಇಂಗ್ಲೆಂಡಿನಲ್ಲೂ ಮತ್ತೆ ಮತ್ತೆ ಅಚ್ಚಾಯಿತು. ಊರಿನ ಹನ್ನೆರಡು ಜನ ಒಪ್ಪದಿದ್ದರೆ ಸರಕಾರ ಮುದ್ರಕನನ್ನು ಮುಟ್ಟಲಾಗದೆಂಬ ಅರಿವು ಗವರ್ನರರಿಗೂ ಬಂತು, ಮುದ್ರಕರಿಗೂ ಬಂತು. ಕಾಸ್ಬಿ 1736ರ ಮಾರ್ಚ್ ತಿಂಗಳಲ್ಲೇ ತೀರಿಕೊಂಡ. ಮರುವರ್ಷ ಜೆಂಗರನೇ ನ್ಯೂಯಾರ್ಕಿನ ಸರಕಾರಿ ಮುದ್ರಕನಾದ!

ಇಷ್ಟಕ್ಕೇ ನಿಲ್ಲಿಸಿದ್ದರೆ ಕಥೆ ಸುಂದರವಾಗಿರುತ್ತಿತ್ತು. ಆದರೆ ಆರೇ ವರ್ಷಗಳ ಬಳಿಕ, 1741ರಲ್ಲಿ, ಅದೇ ನಗರದಲ್ಲಿ ನಡೆದದ್ದನ್ನು ಮುಚ್ಚಿಟ್ಟರೆ ಸತ್ಯದ ಬಗ್ಗೆ ಬರೆದ ಲೇಖನಕ್ಕೆ ಅರ್ಥವಿಲ್ಲ. ಕೆಲವು ಕಟ್ಟಡಗಳಿಗೆ ಬೆಂಕಿ ಬಿತ್ತು. ಗುಲಾಮರು ಸಂಚು ಹೂಡಿದ್ದಾರೆಂದು ಊರು ಹೆದರಿತು. ಮೂವತ್ತಕ್ಕೂ ಹೆಚ್ಚು ಮಂದಿಯನ್ನು ಗಲ್ಲಿಗೇರಿಸಿದರು ಇಲ್ಲವೇ ಜೀವಂತ ಸುಟ್ಟರು. ಬಹುಪಾಲು ಕರಿಯ ಗುಲಾಮರು. ಜಾನ್ ಯೂರಿ ಎಂಬ ಲ್ಯಾಟಿನ್ ಬಲ್ಲ ಶಿಕ್ಷಕನೊಬ್ಬ ಗುಟ್ಟಾಗಿ ಬಂದ ಕಥೋಲಿಕ ಗುರುವೆಂದೂ, ಸಂಚಿನ ಹಿಂದೆ ಆತನಿದ್ದಾನೆಂದೂ ಹಿಡಿದರು. ಕಥೋಲಿಕ ಗುರುಗಳನ್ನು ಜೀವಾವಧಿ ಸೆರೆಯಲ್ಲಿಡುವ, ತಪ್ಪಿಸಿಕೊಂಡರೆ ಕೊಲ್ಲುವ ಕಾನೂನು 1700ರಿಂದ ಆ ವಸಾಹತಿನಲ್ಲಿತ್ತು. ಅದು ರದ್ದಾದದ್ದು 1784ರಲ್ಲಿ. ಯೂರಿ ತಾನು ಕಥೋಲಿಕ ಗುರುವಲ್ಲವೆಂದು ಕೊನೆಯವರೆಗೂ ಹೇಳಿದ. ಆತನ ಪರ ವಾದಿಸಲು ಒಬ್ಬ ವಕೀಲನೂ ಇರಲಿಲ್ಲ. ವಿರುದ್ಧವಾಗಿ ವಾದಿಸಿದವರಲ್ಲಿ ವಿಲಿಯಂ ಸ್ಮಿತ್ ಇದ್ದರು. ಹೌದು, ಜೆಂಗರನ ಪರ ನಿಂತು ವಕೀಲಿಕೆ ಕಳೆದುಕೊಂಡಿದ್ದ ಅದೇ ಸ್ಮಿತ್. ಈ ಸಲ ಅವರು ನಮ್ಮ ಧರ್ಮಸಭೆಯ ವಿರುದ್ಧ ದೀರ್ಘ ಭಾಷಣ ಮಾಡಿದರು. ಜ್ಯೂರಿ ಈ ಸಲವೂ ಬೇಗನೆ ಹೊರಬಂತು. ಆಗಸ್ಟ್ 29ರಂದು ಯೂರಿಯನ್ನು ಗಲ್ಲಿಗೇರಿಸಿದರು. ಹ್ಯಾಮಿಲ್ಟನ್ ಅದೇ ತಿಂಗಳ 4ರಂದು, ತಮ್ಮ ಮಹಾವಾದಕ್ಕೆ ಸರಿಯಾಗಿ ಆರು ವರ್ಷ ತುಂಬಿದ ದಿನ, ಫಿಲಡೆಲ್ಫಿಯಾದಲ್ಲಿ ಕಣ್ಣುಮುಚ್ಚಿದ್ದರು.

ಪತ್ರಿಕೆಗಳನ್ನು ಸುಡಲು ಬೆಂಕಿ ಹಿಡಿದಿದ್ದ ಆ ಹೆಸರಿಲ್ಲದ ಗುಲಾಮ 1741ರಲ್ಲಿ ಬದುಕಿದ್ದನೇ? ಬದುಕಿದ್ದರೆ ಆ ಬೇಸಗೆಯನ್ನು ಹೇಗೆ ಕಳೆದನೋ. ಜೆಂಗರನ ಮೊಕದ್ದಮೆಯ ಬಗ್ಗೆ ಓದುವಾಗಲೆಲ್ಲ ನನಗೆ ಕಾಡುವ ಪ್ರಶ್ನೆ ಇದು.

ಜೆಂಗರ್ 1746ರ ಜುಲೈ 28ರಂದು ತೀರಿಕೊಂಡ. ವಯಸ್ಸು ನಲವತ್ತೆಂಟು. ದೊಡ್ಡ ಆಸ್ತಿ ಬಿಟ್ಟುಹೋದವನಲ್ಲ. ಮನೆಯಲ್ಲಿ ಮತ್ತೆ ಮಕ್ಕಳೊಡನೆ ಒಬ್ಬ ವಿಧವೆ, ಆದರೆ ಈ ವಿಧವೆಗೆ ಕಸುಬು ಗೊತ್ತಿತ್ತು. ವಾರಪತ್ರಿಕೆ ನಿಲ್ಲಲಿಲ್ಲ. 1748ರ ಕೊನೆಯಲ್ಲಿ ಮಲಮಗ ಜಾನನ ಕೈಗೆ ಒಪ್ಪಿಸುವವರೆಗೂ ಆಕೆಯೇ ಅದನ್ನು ನಡೆಸಿದಳು. ಪತ್ರಿಕೆ 1751ರವರೆಗೆ ಉಳಿಯಿತು. ಗಂಡ ಸತ್ತ ಮೇಲಿನ ಸಂಚಿಕೆಗಳಲ್ಲಿ ಕೆಳಗಿನ ಸಣ್ಣ ಅಕ್ಷರಗಳ ಸಾಲನ್ನು ನೋಡಿದರೆ ಮುದ್ರಕರ ಹೆಸರಿನ ಜಾಗದಲ್ಲಿ ವಿಧವೆ ಕ್ಯಾಥರೀನ್ ಜೆಂಗರ್ ಎಂದಿದೆ.